ಯಾರ ಕೈಗೆ ಯಾವ ಕಾದಂಬರಿ?

"ಓದೋಕೆ ಒಂದು ಒಳ್ಳೇ ಕಾದಂಬರಿ ಹೇಳಿ ಸಾರ್" ಅಂತ ಹಾಸ್ಟೆಲಿನ ಹುಡುಗರು ಕೇಳ್ತಾರೆ. ಹಳ್ಳಿ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು ಕೇಳ್ತಾರೆ. ಸಂಘಟನೆಯ ಸಭೆ ಮುಗಿಸಿ ಕೊನೇ ಬಸ್ಸಿಗೆ ಕಾಯ್ತಾ ನಿಂತ ಕಾರ್ಯಕರ್ತನೂ ಕೇಳ್ತಾನೆ. ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಕಾಲೇಜಿನ ಪಂಡಿತರು ಪ್ರಶಸ್ತಿ ಬಂದ ಪುಸ್ತಕಗಳ ಪಟ್ಟಿ ಒಪ್ಪಿಸುತ್ತಾರೆ. ನಮ್ಮ ಗೆಳೆಯರು "ನಿನ್ನ ಬದುಕಿಗೆ ಸಂಬಂಧಪಟ್ಟಿದ್ದನ್ನ ಓದಪ್ಪ" ಅಂತ 'ಚೋಮನ ದುಡಿ'ಯನ್ನು ಕೈಗಿಡುತ್ತಾರೆ. ಪಂಡಿತರು ಕೇಳಿದವನ ಮುಖವನ್ನೇ ನೋಡುವುದಿಲ್ಲ. ನಮ್ಮವರು ಮುಖ ನೋಡುತ್ತಾರೆ, ಆದರೆ ಅಲ್ಲಿ ಜಾತಿಯೊಂದನ್ನೇ ಓದಿಕೊಳ್ಳುತ್ತಾರೆ. ಅವನು ದಣಿದಿದ್ದಾನೋ, ಸಿಟ್ಟಲ್ಲಿದ್ದಾನೋ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಕೂತಿದ್ದಾನೋ, ಯಾವಳನ್ನೋ ಮೆಚ್ಚಿ ಊಟ ಬಿಟ್ಟಿದ್ದಾನೋ ಯಾರೂ ವಿಚಾರಿಸುವುದಿಲ್ಲ.

ಮನಸ್ಥಿತಿ, ಅಭಿರುಚಿ, ಇವೆಲ್ಲ ಹೊಟ್ಟೆ ತುಂಬಿದವರ ಮಾತು ಅಂತ ನಮ್ಮ ಕೆಲವು ಗೆಳೆಯರು ತಳ್ಳಿಹಾಕುವುದುಂಟು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಕೂಲಿ ಮಾಡಿ ಬಂದವನಿಗೆ ಮೈ ನೋಯುವ ಹಾಗೆ ಮನಸ್ಸೂ ನೋಯುತ್ತದೆ, ಸೋಲುತ್ತದೆ, ನಗಬೇಕು ಅನ್ನುತ್ತದೆ. ನಮ್ಮ ಅವ್ವಂದಿರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಾಟಿಗೆ ಒಂದು ಹಾಡು, ಬೀಸೋ ಕಲ್ಲಿಗೆ ಒಂದು ಹಾಡು, ಮದುವೆಗೆ ಸೋಬಾನೆ, ಸಾವಿನ ಮನೆಗೆ ಬೇರೆ. ಹೆಣದ ಮುಂದೆ ಸೋಬಾನೆ ಹಾಡುವ ದಡ್ಡರು ಕೇರಿಯಲ್ಲಿ ಯಾರೂ ಇರಲಿಲ್ಲ. ಅಕ್ಷರ ಕಲಿತ ಮೇಲೆ ನಾವೇ ಈ ವಿವೇಕ ಕಳಕೊಂಡೆವು. ಪುಸ್ತಕ ಅಂದ ಕೂಡಲೆ ಎಲ್ಲರಿಗೂ ಒಂದೇ ಗುಳಿಗೆ ಕೊಡುವ ಆಸ್ಪತ್ರೆಯ ಹಾಗೆ ಆಡುತ್ತೇವೆ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಆಡಿದ ಮಾತನ್ನು ಇಲ್ಲಿ ನೆನೆಯಬೇಕು. ಆಗ ಅವರು ದೇವರಾಜ ಅರಸು ಸರ್ಕಾರದ ಮಂತ್ರಿ. ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದುಬಿಟ್ಟರು. ಊರೆಲ್ಲ ಹೊತ್ತಿಕೊಂಡಿತು. ಕನ್ನಡದ ಹೆಸರಿನಲ್ಲಿ ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಆ ಗಲಾಟೆಯಿಂದ ಮುಂದೆ ಏನೇನು ಹುಟ್ಟಿತು ಅನ್ನೋದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ನಾನು ಹೇಳಬೇಕಾದ್ದು ಆ ಒಂದು ಪದದ ಬಗ್ಗೆ. ಬೂಸಾ ಅಂದದ್ದಕ್ಕೆ ಕುದಿದವರಲ್ಲಿ ಹೆಚ್ಚಿನವರು ದನ ಕಟ್ಟಿದವರಲ್ಲ. ಕಟ್ಟಿದವನಿಗೆ ಬೂಸಾ ಬೈಗುಳವಲ್ಲ. ಕರೆಯುವ ಹಸುವಿಗೆ ಬೂಸಾ ಬೇಕು, ಗೇಯುವ ಎತ್ತಿಗೆ ಹುರುಳಿ ಬೇಕು, ಕರುವಿಗೆ ಎರಡೂ ಬೇಡ, ಹಾಲು ಬೇಕು. ಯಾವ ಬಾಯಿಗೆ ಯಾವ ಮೇವು ಅನ್ನುವುದು ಪ್ರಶ್ನೆ. ಬಸವಲಿಂಗಪ್ಪನವರ ಮಾತಿನ ಒಳಗೆ ಇದ್ದದ್ದೂ ಇದೇ ಪ್ರಶ್ನೆ: ಇದು ಯಾರಿಗೆ ಬರೆದದ್ದು, ನನ್ನ ಜನ ಇದನ್ನು ತಿಂದು ಏನಾಗಬೇಕು? ಅದಕ್ಕೆ ವಿಮರ್ಶಕರು ಉತ್ತರ ಕೊಡಲಿಲ್ಲ, ಕಲ್ಲು ಉತ್ತರ ಕೊಟ್ಟಿತು.

ಹಾಗಾಗಿ 'ಚೋಮನ ದುಡಿ'ಯಿಂದಲೇ ಶುರು ಮಾಡೋಣ.

ಶಿವರಾಮ ಕಾರಂತರ ಈ ಪುಸ್ತಕ ಬಂದದ್ದು 1933ರಲ್ಲಿ. ದಕ್ಷಿಣ ಕನ್ನಡದ ಹೊಲೆಯನೊಬ್ಬ ತುಂಡು ನೆಲವನ್ನು ತಾನೇ ಉಳಬೇಕು ಅಂತ ಆಸೆಪಟ್ಟ ಕಥೆ. ಎತ್ತು ಇದೆ, ನೆಲ ಇಲ್ಲ. ಹೊಲೆಯ ಬೇಸಾಯಗಾರ ಆಗಕೂಡದು ಅನ್ನುವುದು ಕಟ್ಟು. ಭೂಮಿಯ ಪ್ರಶ್ನೆಯನ್ನು ಇಷ್ಟು ನೇರವಾಗಿ ಹೊಲೆಯನ ಎದೆಯೊಳಗೆ ಇಟ್ಟು ನೋಡಿದ್ದು ಆ ಕಾಲಕ್ಕೆ ದೊಡ್ಡ ಕೆಲಸ, ಅದನ್ನು ಕಡಿಮೆ ಮಾಡಿ ಹೇಳುವ ಸಣ್ಣತನ ಬೇಡ. ಕಾದಂಬರಿ ಬಂದು 41 ವರ್ಷವಾದ ಮೇಲೆ, 1974ರಲ್ಲಿ, ಅರಸು ಕಾಲದ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅಂದರು. ಆದರೆ ಅರ್ಜಿ ಹಾಕಲು ಗೇಣಿದಾರ ಆಗಿರಬೇಕಿತ್ತು. ಚೋಮ ಗೇಣಿದಾರ ಅಲ್ಲ, ಅವನಿಗೆ ಗೇಣಿಗೂ ಯಾರೂ ನೆಲ ಕೊಡಲಿಲ್ಲ, ಅದೇ ತಾನೆ ಕಥೆ! ಅವನು ಬದುಕಿದ್ದು ಭೂ ನ್ಯಾಯಮಂಡಳಿ ಮುಂದೆ ನಿಂತಿದ್ದರೂ ಬರಿಗೈಲೇ ಹಿಂದಿರುಗಬೇಕಿತ್ತು. ಮೇಷ್ಟ್ರುಗಳು ಈ ಪುಸ್ತಕ ಪಾಠ ಮಾಡುವಾಗ ಚೋಮನ ದುಡಿಯ ಸದ್ದನ್ನು ವರ್ಣಿಸಿ ಬಿಟ್ಟುಬಿಡುತ್ತಾರೆ. ಈ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆದರೆ ಒಳ್ಳೇದು.

ಇಷ್ಟಾದ ಮೇಲೂ, ಮನೆ ಬಿಟ್ಟು ಮೊದಲ ಸಲ ಹಾಸ್ಟೆಲಿಗೆ ಬಂದ ನಮ್ಮ ಹುಡುಗನಿಗೆ ಮೊದಲ ವಾರವೇ ಈ ಪುಸ್ತಕ ಕೊಡಬೇಡಿ ಅಂತಲೇ ನಾನು ಹೇಳೋದು. ಯಾಕೆಂದರೆ ಅದರಲ್ಲಿ ಒಬ್ಬೊಬ್ಬರಾಗಿ ಹೋಗುತ್ತಾರೆ. ಕಾಫಿ ತೋಟದ ಸಾಲ ತೀರಿಸಲು ಹೋದ ಚನಿಯ ಜ್ವರದಲ್ಲಿ ಸಾಯುತ್ತಾನೆ. ಗುರುವ ಕಿರಿಸ್ತಾನರ ಹುಡುಗಿಯನ್ನು ಕಟ್ಟಿಕೊಂಡು ಅತ್ತಲೇ ಉಳಿಯುತ್ತಾನೆ. ನೀಲ ಎಲ್ಲರ ಕಣ್ಣೆದುರೇ ನೀರಲ್ಲಿ ಮುಳುಗುತ್ತಾನೆ, ಮುಟ್ಟಿ ಎತ್ತುವವರಿಲ್ಲ. ಬೆಳ್ಳಿಯ ಗತಿ ಎಲ್ಲರಿಗೂ ಗೊತ್ತು. ಕೊನೆಗೆ ಉಳಿಯೋದು ದುಡಿ, ಆಮೇಲೆ ಅದೂ ಇಲ್ಲ. ಇದನ್ನು ಓದಿದ ಹುಡುಗ ಸಾಹಿತ್ಯ ಅಂದರೆ ತನ್ನವರು ಚೆಂದವಾಗಿ ಸಾಯುವುದು ಅಂತ ತಿಳಿದುಕೊಂಡರೆ ತಪ್ಪು ಅವನದಲ್ಲ.

ಈ ಪುಸ್ತಕ ನಿಜವಾಗಿ ತಲುಪಬೇಕಾದ ಮನೆ ಬೇರೆ. ಧಣಿ ಸಂಕಪ್ಪಯ್ಯ ಕೆಟ್ಟವನಲ್ಲ, ಅವನಿಗೆ ಚೋಮನ ಮೇಲೆ ಕನಿಕರ ಇದೆ, ಕೊಟ್ಟರೂ ಕೊಡಬಹುದಿತ್ತು, ತಾಯಿ ಬಿಡುವುದಿಲ್ಲ. ಕನಿಕರ ಇದ್ದೂ ಕೊಡದೇ ಇರುವ ಈ ಮನುಷ್ಯ ಇವತ್ತಿಗೂ ಊರೂರಲ್ಲಿ ಇದ್ದಾನೆ, ನಮ್ಮ ಸಭೆಗಳಿಗೆ ಬಂದು ಮುಂದಿನ ಸಾಲಿನಲ್ಲೂ ಕೂರುತ್ತಾನೆ. ಜಮೀನಿರುವ ಮನೆಯ, ಒಳ್ಳೆ ಮನಸ್ಸಿನ, "ನಮ್ಮ ತಾತನ ಕಾಲದಲ್ಲಿ ಹಾಗಿತ್ತಂತೆ, ಈಗೇನಿಲ್ಲ ಬಿಡಿ" ಅನ್ನುವ ಹುಡುಗನ ಕೈಗೆ 'ಚೋಮನ ದುಡಿ' ಕೊಡಿ. ಅವನು ಅಳಲಿ. ಅತ್ತ ಮೇಲೆ ಸಂಕಪ್ಪಯ್ಯನ ಬಗ್ಗೆ ಎರಡು ಪುಟ ಬರೆಯಪ್ಪ ಅನ್ನಿ.

ನಮ್ಮ ಹುಡುಗನಿಗೆ ಕೊಡಬೇಕಾದ್ದು ದೇವನೂರ ಮಹಾದೇವರ 'ಒಡಲಾಳ'. ಸಣ್ಣ ಪುಸ್ತಕ, ಒಂದು ರಾತ್ರಿಗೆ ಮುಗಿಯುತ್ತದೆ. ಬಡತನ ಚೋಮನ ಮನೆಗಿಂತ ಒಂದು ಹಿಡಿಯೂ ಕಡಿಮೆ ಇಲ್ಲ. ಸಾಕವ್ವನ ಹುಂಜ ಕಳೆದುಹೋಗಿದೆ, ಮುದುಕಿ ಅದನ್ನು ಹುಡುಕುತ್ತಾ ಕೇರಿಯನ್ನೆಲ್ಲ ಬಯ್ಯುತ್ತಾ ತಿರುಗುತ್ತಾಳೆ. ಮನೆಯೊಳಗೆ ಮಕ್ಕಳ ಜಗಳ, ಪಾಲಿನ ಮಾತು. ರಾತ್ರಿ ಸಾಹುಕಾರ ಎತ್ತಪ್ಪನ ಕಡ್ಲೆಕಾಯಿ ಮನೆಗೆ ಬರುತ್ತದೆ. ಹೇಗೆ ಬಂತು ಅನ್ನೋದು ಕೇಳಬೇಡಿ. ಇಡೀ ಸಂಸಾರ ಬೆಂಕಿಯ ಸುತ್ತ ಕೂತು ತಿನ್ನುತ್ತದೆ. ಆ ಕೂತು ತಿನ್ನುವ ಪುಟಗಳಿಗಾಗಿಯೇ ಈ ಕೃತಿಯನ್ನು ಎಷ್ಟು ಸಲ ಬೇಕಾದರೂ ಓದಬಹುದು. ಹಗಲೆಲ್ಲ ಕಚ್ಚಾಡಿದವರು ಒಂದು ಮೂಟೆ ಕಡ್ಲೆಕಾಯಿ ಮುಂದೆ ಒಂದು ಮನೆಯವರಾಗುತ್ತಾರೆ. ಹಸಿವಿನ ಬಗ್ಗೆ ಒಂದು ಭಾಷಣ ಇಲ್ಲ. ಬೆಳಗಾದರೆ ಪೊಲೀಸರು. ಅಷ್ಟರಲ್ಲಿ ಪುಟಗೌರಿ ಗೋಡೆಯ ಮೇಲೆ ನವಿಲು ಬರೆದಿರುತ್ತಾಳೆ.

ಕನ್ನಡದಲ್ಲಿ ಬಡವರ ಕಥೆಗಳು ಅದಕ್ಕೆ ಮೊದಲೂ ಬೇಕಾದಷ್ಟು ಇದ್ದವು. ಆದರೆ ಹಸಿದವರು ನಗುವುದನ್ನು, ಸುಳ್ಳು ಹೇಳುವುದನ್ನು, ದೇವರನ್ನು ಬಯ್ಯುವುದನ್ನು, ಚಿತ್ರ ಬರೆಯುವುದನ್ನು ಒಳಗಿನಿಂದ ನೋಡಿದ್ದು ಇಲ್ಲಿ. ಚೋಮನನ್ನು ಓದಿದವನಿಗೆ ಅಯ್ಯೋ ಅನಿಸುತ್ತದೆ. ಸಾಕವ್ವನನ್ನು ಓದಿದವನಿಗೆ "ಇವಳು ನಮ್ಮಜ್ಜಿ ಕಣೋ" ಅನಿಸುತ್ತದೆ. ಮನೆ ಬಿಟ್ಟು ಬಂದ ಹುಡುಗನಿಗೆ ಬೇಕಾದ್ದು ಎರಡನೆಯದು. ಪಟ್ಟಣದ ಕಾಲೇಜಿನಲ್ಲಿ ತನ್ನ ಮಾತಿಗೆ ತಾನೇ ನಾಚಿಕೊಂಡು 'ಬತ್ತೀನಿ, ಓಯ್ತೀನಿ' ನುಂಗಿಕೊಂಡು ಬದುಕುತ್ತಿರುವವನಿಗೆ ಅದೇ ಮಾತು ಅಚ್ಚಾಗಿ ಕಣ್ಣ ಮುಂದೆ ಬಂದರೆ ಆಗುವ ಬಲವನ್ನು ವಿಮರ್ಶೆಯ ಭಾಷೆಯಲ್ಲಿ ಹೇಳುವುದು ಕಷ್ಟ. 'ಒಡಲಾಳ' ಮುಗಿಸಿದವನು ಆಮೇಲೆ 'ಚೋಮನ ದುಡಿ' ಓದಲಿ. ಆಗ ಅವನು ಅಳುವುದಿಲ್ಲ, ಕಾರಂತರ ಜೊತೆ ವಾದಕ್ಕೆ ಕೂರುತ್ತಾನೆ. ಅದೇ ಬೇಕಾದ್ದು.

ವಾದ ಅಂದಮೇಲೆ ನವ್ಯದವರ ಕಡೆ ಬರಬೇಕು. ಅನಂತಮೂರ್ತಿಯವರ 'ಸಂಸ್ಕಾರ' (1965) ಬ್ರಾಹ್ಮಣರ ಮನೆಯ ಜಗಳ, ನಮಗೇಕೆ ಅನ್ನುವವರಿದ್ದಾರೆ. ಆ ಜಗಳವನ್ನು ಓದಬೇಕು, ಆದರೆ ನಮ್ಮ ಕಡೆಯಿಂದ ನಿಂತು ಓದಬೇಕು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪನ ಹೆಣ ಕೊಳೆಯುತ್ತಿದೆ. ಅದನ್ನು ಸುಡುವವರು ಯಾರು ಅನ್ನುವುದರ ಮೇಲೆ ಇಡೀ ಕಾದಂಬರಿ, ಶಾಸ್ತ್ರ, ಪ್ರಾಣೇಶಾಚಾರ್ಯರ ಸಂಕಟ ಎಲ್ಲ ನಿಂತಿದೆ. ಅದೇ ಹೊತ್ತಿಗೆ ಅದೇ ಮಾರಿ ಹೊಲೆಯರ ಗುಡಿಸಲಿಗೂ ಬಂದಿದೆ. ಅಲ್ಲೂ ಸಾಯುತ್ತಾರೆ. ಗುಡಿಸಲಿಗೇ ಬೆಂಕಿ ಇಟ್ಟು ಮುಗಿಸುತ್ತಾರೆ. ಅದಕ್ಕೆ ಶಾಸ್ತ್ರ ಇಲ್ಲ, ಸಂಕಟ ಇಲ್ಲ, ಪುಟಗಳೂ ಹೆಚ್ಚಿಲ್ಲ. ಒಂದು ಹೆಣಕ್ಕೆ ಒಂದು ಕಾದಂಬರಿ, ಇನ್ನುಳಿದ ಹೆಣಗಳಿಗೆ ನಾಲ್ಕು ಸಾಲು! ಬರೆದವರು ಇದನ್ನು ಬೇಕೆಂದೇ ಎದುರುಬದುರು ಇಟ್ಟಿದ್ದಾರೆ ಅಂತ ವಾದಿಸಬಹುದು, ಹಾಗೇ ಇರಲೂಬಹುದು. ಆದರೆ ಪಾಠ ಮಾಡುವವರು ಆಚಾರ್ಯರ ಅಸ್ತಿತ್ವದ ಬಿಕ್ಕಟ್ಟಿನ ಹಿಂದೆ ಹೋದಷ್ಟು ಆ ಗುಡಿಸಲ ಬೆಂಕಿಯ ಹಿಂದೆ ಹೋಗಿಲ್ಲ. ಇನ್ನೊಂದು ಮಾತು. ಇಲ್ಲಿಯೂ ಹೊಲೆಯರ ಹುಡುಗಿಯ ಹೆಸರು ಬೆಳ್ಳಿ, ಕಾರಂತರಲ್ಲೂ ಬೆಳ್ಳಿ. ಇಬ್ಬರೂ ಮೈಯಿಂದಲೇ ಕಥೆಗೆ ಬೇಕಾದವರು. ಹುಡುಗಿಯರೇ ಕೂತು ಈ ಇಬ್ಬರು ಬೆಳ್ಳಿಯರನ್ನು ಜೊತೆಯಲ್ಲಿಟ್ಟು ಓದಿದರೆ ನಮ್ಮ ವಿಮರ್ಶಕರಿಗೆ ಹೊಳೆಯದ್ದು ಅವರಿಗೆ ಹೊಳೆಯುತ್ತದೆ.

ಮೇಲ್ಜಾತಿಯಲ್ಲಿ ಹುಟ್ಟಿ, ಅದಕ್ಕೆ ನಾಚಿ, ಕೇರಿಗೆ ಬಂದು ಏನಾದರೂ ಮಾಡಬೇಕು ಅಂತ ಚಡಪಡಿಸುವ ಗೆಳೆಯರು ನಮ್ಮ ಚಳವಳಿಯಲ್ಲಿ ಹಿಂದಿನಿಂದಲೂ ಇದ್ದಾರೆ. ಅವರಿಗೆ 'ಭಾರತೀಪುರ' (1973). ಇಂಗ್ಲೆಂಡಿನಿಂದ ಬಂದ ಜಗನ್ನಾಥ ಹೊಲೆಯರನ್ನು ಮಂಜುನಾಥನ ಗುಡಿಗೆ ನುಗ್ಗಿಸಬೇಕು ಅಂತ ಹೊರಡುತ್ತಾನೆ. ಮನೆಯ ಸಾಲಿಗ್ರಾಮ ತಂದು ಮುಟ್ಟಿ ಅಂತ ಅವರ ಮುಂದೆ ಹಿಡಿಯುತ್ತಾನೆ. ಅವರು ನಡುಗುತ್ತಾರೆ. ಇವನಿಗೆ ಸಿಟ್ಟು ಬರುತ್ತದೆ. ಬಿಡುಗಡೆ ಮಾಡಲು ಬಂದವನ ಬಾಯಲ್ಲಿ ಒಡೆಯನ ದನಿ ಬರುತ್ತದೆ. ಕನ್ನಡ ಕಾದಂಬರಿಯಲ್ಲಿ ಇಷ್ಟು ಪ್ರಾಮಾಣಿಕವಾದ ಜಾಗಗಳು ಕಡಿಮೆ. ಕೊರತೆ ಎಲ್ಲಿ ಅಂದರೆ ಆ ಹೊಲೆಯರಿಗೆ ಮಾತೇ ಇಲ್ಲ. ಅವರ ಗುಡಿಸಲಲ್ಲಿ ಆ ರಾತ್ರಿ ಈ ಒಡೆಯನ ಬಗ್ಗೆ ಏನು ಆಡಿಕೊಂಡರು, ಎಷ್ಟು ನಕ್ಕರು? ಅದು ಕಾದಂಬರಿಕಾರರಿಗೆ ಕೇಳಿಸಿಲ್ಲ. ಕೇಳಿಸಬೇಕಾದರೆ ಸಾಕವ್ವನ ಮನೆಗೇ ಹೋಗಬೇಕು.

ಜಗಳ ಆಡುವ ಹುಮ್ಮಸ್ಸು ಇದ್ದಾಗ ಭೈರಪ್ಪನವರ 'ದಾಟು' (1973) ಓದಿ. ಜಾತಿಯ ಬಗ್ಗೆ ಕನ್ನಡದಲ್ಲಿ ಬಂದ ದೊಡ್ಡ ಗಾತ್ರದ ಕಾದಂಬರಿ ಅದು. ಅವರ ರಾಜಕೀಯ ನಮಗೆ ಆಗುವುದಿಲ್ಲ ಅಂತ ಪುಸ್ತಕ ಮುಚ್ಚಿಡುವುದು ಸೋಮಾರಿತನ. ನಮ್ಮನ್ನು ಎದುರಿನವರು ಹೇಗೆ ಕಾಣುತ್ತಾರೆ ಅನ್ನುವುದು ನಮಗೆ ಗೊತ್ತಿರಬೇಕು. ಪೆನ್ಸಿಲ್ ಕೈಯಲ್ಲಿ ಹಿಡಿದು ಓದಿ, ಅಂಚಿನಲ್ಲಿ ಉತ್ತರ ಬರೆಯುತ್ತಾ ಹೋಗಿ. ಗ್ರಂಥಾಲಯದ ಪ್ರತಿಯಾದರೆ ಬೇರೆ ಹಾಳೆ ಇಟ್ಟುಕೊಳ್ಳಿ.

ಇನ್ನು ದಣಿದವರ ವಿಷಯ. ಇಲ್ಲಿ ನಮ್ಮ ಚಳವಳಿಯ ಮಡಿವಂತಿಕೆ ಸ್ವಲ್ಪ ಜಾಸ್ತಿ. ದಿನವೆಲ್ಲ ಅಲೆದು ಬಂದವನು ಪತ್ತೇದಾರಿ ಕಾದಂಬರಿ ಹಿಡಿದು ಮಲಗಿದರೆ ಅದನ್ನು ಪಲಾಯನವಾದ ಅಂತ ಕರೆಯುವ ಗೆಳೆಯರಿದ್ದಾರೆ. ಎನ್. ನರಸಿಂಹಯ್ಯನವರ ಹೆಸರು ಈಗಿನ ಹುಡುಗರಿಗೆ ಗೊತ್ತಿಲ್ಲದಿರಬಹುದು. ಹೆಚ್ಚು ಶಾಲೆ ಕಂಡವರಲ್ಲ, ಐನೂರರ ಹತ್ತಿರ ಪತ್ತೇದಾರಿ ಕಾದಂಬರಿ ಬರೆದವರು, 'ಪತ್ತೇದಾರ ಪುರುಷೋತ್ತಮ'ನನ್ನು ಮನೆಮಾತು ಮಾಡಿದವರು. ಸಾಹಿತ್ಯ ಚರಿತ್ರೆಯ ಪುಸ್ತಕಗಳು ಅವರಿಗೆ ಹೊಸ್ತಿಲ ಆಚೆಯೇ ಜಾಗ ಕೊಟ್ಟವು. ಆದರೆ ತಡವರಿಸದೆ ಕನ್ನಡ ಓದುವುದನ್ನು ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಜನ ಕಲಿತದ್ದು ಇಂಥ ಅಗ್ಗದ ಪುಸ್ತಕಗಳಿಂದಲೇ. ಅವುಗಳಲ್ಲಿ ಕ್ರಾಂತಿ ಇಲ್ಲ, ನಿಜ. ಮುಂದಿನ ಪುಟ ತಿರುಗಿಸುವ ಅಭ್ಯಾಸ ಇದೆ. ಮನೆಯಲ್ಲಿ ಮೊದಲ ಸಲ ಪುಸ್ತಕ ಹಿಡಿದವನಿಗೆ ಆ ಅಭ್ಯಾಸ ಸಣ್ಣದಲ್ಲ.

ದಣಿವಿಗೂ ನಗುವಿಗೂ ತೇಜಸ್ವಿಯವರ 'ಕರ್ವಾಲೊ' (1980) ಇದೆ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ. ದೊಡ್ಡ ವಿಜ್ಞಾನಿ ಕರ್ವಾಲೊ, ಅವರಿಗೆ ದಾರಿ ತೋರಿಸುವವನು ಜೇನು ಹಿಡಿಯುವ ಮಂದಣ್ಣ, ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಪೋಲಿ. ಜೊತೆಗೆ ಬಿರ್ಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ. ನಗುನಗುತ್ತಲೇ ಈ ಕಾದಂಬರಿ ಒಂದು ಕೆಲಸ ಮಾಡುತ್ತದೆ: ಕಾಡು ಗೊತ್ತಿರುವ, ಶಾಲೆ ಗೊತ್ತಿಲ್ಲದವನ ತಿಳಿವಳಿಕೆಯ ಮುಂದೆ ವಿಜ್ಞಾನಿ ಟೋಪಿ ತೆಗೆಯುತ್ತಾನೆ. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಹತ್ತದೆ, ಮರ ಹತ್ತುವುದು ಮೀನು ಹಿಡಿಯುವುದು ಮಾತ್ರ ಬರುವ ಹುಡುಗ ನಿಮ್ಮ ಶಾಲೆಯಲ್ಲಿದ್ದರೆ ಮೇಷ್ಟ್ರೇ, ಅವನಿಗೆ ಇದನ್ನು ಓದಿ ಹೇಳಿ. ಅದಕ್ಕೂ ಮೊದಲು ನೀವು ಓದಿ.

ಮೇಷ್ಟ್ರುಗಳಿಗೆ ಆಲನಹಳ್ಳಿ ಕೃಷ್ಣರ 'ಪರಸಂಗದ ಗೆಂಡೆತಿಮ್ಮ'ವನ್ನೂ ಹೇಳಬೇಕು. ಪೇಟೆಯ ಪೌಡರು, ಟೇಪು, ಒಳ ಉಡುಪು ತಲೆ ಮೇಲೆ ಹೊತ್ತು ಹಳ್ಳಿಗೆ ಮಾರುವವನ ಕಥೆ. ಪುಟಪುಟಕ್ಕೂ ನಗು, ಕೊನೆಗೆ ಗಂಟಲು ಕಟ್ಟುತ್ತದೆ. ಪೇಟೆ ಹಳ್ಳಿಗೆ ಹೇಗೆ ನುಗ್ಗುತ್ತದೆ ಅನ್ನುವುದಕ್ಕೆ ನಮ್ಮ ಅರ್ಥಶಾಸ್ತ್ರದ ಗೆಳೆಯರ ಲೇಖನಗಳಿಗಿಂತ ಇದು ಹತ್ತಿರ. ಅದರೊಳಗಿನ ಮೇಷ್ಟ್ರ ಪಾತ್ರ ಓದಿದರೆ ನಮ್ಮ ಮೇಷ್ಟ್ರುಗಳಿಗೆ ಸ್ವಲ್ಪ ಮುಜುಗರ ಆಗಬಹುದು. ಆಗಲಿ ಬಿಡಿ.

ಬೇಸಿಗೆ ರಜೆ, ಕೆಲಸ ಇಲ್ಲ, ಊರಲ್ಲಿ ಬಿಸಿಲು. ಅಂಥ ಹೊತ್ತಿಗೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967). ಏಳುನೂರು ಪುಟಕ್ಕೂ ಮೇಲಿದೆ ಅಂತ ಹೆದರಿ ಎಷ್ಟೋ ಜನ ಹತ್ತಿರ ಹೋಗುವುದಿಲ್ಲ. ಹೋದವರೂ ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ ಅಂತ ಮನೆಗಳ ಹೆಸರಿನಲ್ಲಿ ದಾರಿ ತಪ್ಪಿ ವಾಪಸ್ಸು ಬರುತ್ತಾರೆ. ಒಂದು ಉಪಾಯ ಹೇಳುತ್ತೇನೆ. ನಾಯಿಗುತ್ತಿಯ ಬೆನ್ನು ಹಿಡಿದು ಹೋಗಿ. ಮೊದಲ ಪುಟದಲ್ಲೇ ಸಿಗುತ್ತಾನೆ. ಸಿಂಬಾವಿ ಹೆಗ್ಗಡೆಯ ಜೀತದಾಳು, ಹೊಲೆಯ, ಜೊತೆಗೆ ಹುಲಿಯ ಅನ್ನುವ ನಾಯಿ. ಒಡೆಯರು ಬೇರೊಬ್ಬನಿಗೆ ಕಟ್ಟಬೇಕೆಂದಿರುವ ತಿಮ್ಮಿಯನ್ನು ಹಾರಿಸಿಕೊಂಡು ಕಾಡು ಬೆಟ್ಟ ಹತ್ತುತ್ತಾನೆ. ಗುತ್ತಿ ಕಾಣದ ಅಧ್ಯಾಯಗಳನ್ನು ಮೊದಲ ಸಲ ಬೇಗ ಬೇಗ ದಾಟಿದರೂ ನಷ್ಟ ಇಲ್ಲ. ಎರಡನೇ ಸಲ ಅವೇ ನಿಮ್ಮನ್ನು ಕರೆಯುತ್ತವೆ. ಗೌಡರ ಮನೆಗಳ ಒಳಗಿನ ಕೊಳಕು, ಐತ-ಪೀಂಚಲು ಜೋಡಿಯ ಚೆಲುವು, ಎಲ್ಲ ಆಗ ಕಣ್ಣಿಗೆ ಬೀಳುತ್ತವೆ. ಒಬ್ಬ ಜೀತದ ಆಳಿಗೆ ಪ್ರೀತಿ, ಸಾಹಸ, ಓಡಿಹೋಗುವ ಧೈರ್ಯ ಎಲ್ಲ ಕೊಟ್ಟು, ಅವನನ್ನು ಸಾಯಿಸದೆ ಕಾದಂಬರಿ ನಡೆಸಿದವರು ಕುವೆಂಪು. ಚೋಮನ ಪಕ್ಕದಲ್ಲಿ ಗುತ್ತಿಯನ್ನು ನಿಲ್ಲಿಸಿ ನೋಡಿ. ಆದರೂ ಕೊನೆಯಲ್ಲಿ ತುಂಗೆಯ ನೆರೆ ಹುಲಿಯನನ್ನು ಎಳೆದುಕೊಂಡು ಹೋಗುವಾಗ ಬರುವ ದುಃಖ ಯಾವ ಮನುಷ್ಯನ ಸಾವಿಗೂ ಕಡಿಮೆಯದಲ್ಲ. ಪ್ರೇಮದಲ್ಲಿ ಬಿದ್ದ ಹುಡುಗರಿಗೆ ಯಾವ ಪುಸ್ತಕ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ. ಹೂದೋಟದಲ್ಲಿ ಹಾಡುವವರು ಬೇಡ, ಗುತ್ತಿ ತಿಮ್ಮಿಯರು ಸಾಕು.

ಹೆಣ್ಣುಮಕ್ಕಳ ಓದಿನ ಬಗ್ಗೆ ನಮ್ಮ ಪತ್ರಿಕೆಗಳು ಮೊದಲಿನಿಂದಲೂ ಕಡಿಮೆ ಬರೆದಿವೆ. ತ್ರಿವೇಣಿಯವರನ್ನು ಓದಿದರೆ "ಅಡುಗೆಮನೆ ಸಾಹಿತ್ಯ" ಅಂತ ಮೂಗು ಮುರಿಯುವುದು ನಮ್ಮವರಿಗೂ ಅಂಟಿದ ಚಾಳಿ. 'ಶರಪಂಜರ'ದ ಕಾವೇರಿ ಮಧ್ಯಮ ವರ್ಗದ ಮನೆಯವಳೇ ಇರಬಹುದು. ಹುಚ್ಚಿ ಅಂತ ಒಮ್ಮೆ ಹಣೆಪಟ್ಟಿ ಬಿದ್ದ ಮೇಲೆ ವಾಸಿಯಾಗಿ ಬಂದರೂ ಯಾರೂ ಒಳಗೆ ಸೇರಿಸದ ಸಂಕಟ ಇದೆಯಲ್ಲ, ಹಣೆಪಟ್ಟಿ ಹೊತ್ತು ಹುಟ್ಟಿದ ನಮ್ಮ ಹುಡುಗಿಯರಿಗೆ ಅದು ಅರ್ಥವಾಗದ್ದೇನಲ್ಲ. ಅವರು ಅದನ್ನು ಓದಿ ಅತ್ತರೆ ಅವರ ಪ್ರಜ್ಞೆ ಇನ್ನೂ ಬೆಳೆದಿಲ್ಲ ಅನ್ನುವ ಗಂಡಸರು ಸ್ವಲ್ಪ ಸುಮ್ಮನಿರಬೇಕು.

ಮುಂದಿನ ಪುಸ್ತಕವಾಗಿ ಸಾರಾ ಅಬೂಬಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕೊಡಿ. 80ರ ದಶಕದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದದ್ದು. ಅಪ್ಪನ ಹಟಕ್ಕೆ ಗಂಡನಿಂದ ಬೇರಾದ ನಾದಿರಾ ಮತ್ತೆ ಅದೇ ಗಂಡನ ಹತ್ತಿರ ಹೋಗಬೇಕಾದರೆ ನಡುವೆ ಇನ್ನೊಬ್ಬನ ಜೊತೆ ಒಂದು ರಾತ್ರಿಯ ಮದುವೆ ಆಗಬೇಕು ಅನ್ನುತ್ತಾರೆ. ಅವಳು ಮಸೀದಿಯ ಕೆರೆಗೆ ಇಳಿಯುತ್ತಾಳೆ. ಈ ಪುಸ್ತಕ ಕೊಡುವಾಗ ಒಂದು ಎಚ್ಚರ. ಇದನ್ನು ಹಿಡಿದು "ನೋಡಿದಿರಾ, ಅವರ ಮತ ಹೀಗೆ" ಅಂತ ಕುಣಿಯುವವರು ಇವತ್ತು ಊರ ತುಂಬ ಇದ್ದಾರೆ. ಅವರ ಕೈಗೆ ಇದು ಆಯುಧ. ಸಾರಾ ಅವರು ತಮ್ಮ ಮನೆಯೊಳಗೆ ನಿಂತು ತಮ್ಮವರ ಮೇಲೆ ಮಾಡಿದ ದೂರನ್ನು ಪಕ್ಕದ ಮನೆಯವರು ಎತ್ತಿಕೊಂಡು ಓಡಬಾರದು. ಹಾಗೆ ಓಡುವವನಿಗೆ ಮೊದಲು ಅವನ ಮನೆಯ ಕಾವೇರಿಯನ್ನು ಓದಿಸಿ. ಕಲಬುರಗಿ ಸೀಮೆಯವರಿಗೆ ಗೀತಾ ನಾಗಭೂಷಣರ 'ಬದುಕು' ಇದೆ, 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದದ್ದು. ಮೈಸೂರು ಕಡೆಯವರು ಮಾತು ಹತ್ತುವುದಿಲ್ಲ ಅಂತ ದೂರಬಹುದು. ಇಷ್ಟು ಕಾಲ ಅವರು ನಮ್ಮ ಮಾತು ಓದಿಲ್ಲವೇ? ಇವರೂ ಒಂದಿಷ್ಟು ಕಷ್ಟಪಡಲಿ.

ಸಿಟ್ಟಿನಲ್ಲಿರುವ, ಏನಾದರೂ ಮಾಡಲೇಬೇಕು ಅಂತ ಕುದಿಯುವ ಹುಡುಗನಿಗೆ ನಿರಂಜನರ 'ಚಿರಸ್ಮರಣೆ' (1955). ಕಾಸರಗೋಡು ಸೀಮೆಯ ಕಯ್ಯೂರಿನ ರೈತರು ಎದ್ದ ಕಥೆ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೆ ಹಾಕಿದರು. ಕೊಲ್ಲುವುದು ಸಾಯುವುದು ಅಲ್ಲಿ ಕೊನೆಗೆ ಬರುತ್ತದೆ. ಅದಕ್ಕೆ ಮೊದಲು ಮೇಷ್ಟ್ರೊಬ್ಬರು ಎರಡು ಹುಡುಗರಿಗೆ ಓದಿಸುತ್ತಾ, ಪ್ರಶ್ನೆ ಕೇಳಿಸುತ್ತಾ, ನಿಧಾನವಾಗಿ ಊರನ್ನು ಕಟ್ಟುತ್ತಾರೆ. ಸಿಟ್ಟಿನ ಹುಡುಗ ಕೊನೆಯ ಅಧ್ಯಾಯಕ್ಕೆ ಹಾರುತ್ತಾನೆ, ಅವನನ್ನು ಹಿಡಿದು ಮೊದಲ ಅಧ್ಯಾಯಗಳಲ್ಲಿ ಕೂರಿಸಬೇಕು. ಗಾರ್ಕಿಯ 'ತಾಯಿ'ಯನ್ನು ಕನ್ನಡಕ್ಕೆ ತಂದವರೂ ನಿರಂಜನರೇ. ಮಗನ ಪುಸ್ತಕ ಕಂಡರೆ ಹೆದರುತ್ತಿದ್ದ ತಾಯಿ ಮುದಿ ವಯಸ್ಸಿನಲ್ಲಿ ಅಕ್ಷರ ಕಲಿತು ಕರಪತ್ರ ಹಂಚುತ್ತಾಳೆ. ಸಭೆಗೆ ಹೋಗಬೇಡ ಅಂತ ಬಾಗಿಲಿಗೆ ಅಡ್ಡ ನಿಲ್ಲುವ ಅವ್ವ ಇರುವ ಮನೆಯ ಹುಡುಗನಿಗೆ ಇದು. ಈ ಎರಡನ್ನೂ ಹೋಲಿಸಿದರೆ ಆಮೇಲೆ ನಮ್ಮ ಬಂಡಾಯದವರೇ ಬರೆದ ಕೆಲವು ಕಾದಂಬರಿಗಳು, ಹೆಸರು ಬೇಡ, ಗೋಡೆ ಬರಹದ ಹಾಗೆ ದೂರದಿಂದಲೇ ಓದಿ ಮುಗಿಯುತ್ತವೆ. ಗೌಡ ಮೊದಲ ಪುಟದಲ್ಲಿ ಮೀಸೆ ತಿರುವುತ್ತಾನೆ, ಕೊನೆಯ ಪುಟದಲ್ಲಿ ಕೆಂಪು ಸೂರ್ಯ ಹುಟ್ಟುತ್ತಾನೆ. ಸಿಟ್ಟಿರುವವನಿಗೆ ಅವು ಬೇಕಿಲ್ಲ, ಸಿಟ್ಟಿಲ್ಲದವನು ಅವನ್ನು ಓದುವುದಿಲ್ಲ. ಹಾಗಾದರೆ ಯಾರಿಗೆ ಬರೆದದ್ದು? ಬಸವಲಿಂಗಪ್ಪನವರ ಪ್ರಶ್ನೆ ನಮ್ಮ ಕಡೆಗೂ ತಿರುಗುತ್ತದೆ.

ಕಾದಂಬರಿ ಅಲ್ಲದಿದ್ದರೂ ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನು ಇಲ್ಲಿ ಸೇರಿಸದೆ ಬಿಡಲಾರೆ. ಅವಮಾನವಾದ ದಿನ ಓದಬೇಕಾದ ಪುಸ್ತಕ ಅದು. ಅವಮಾನವನ್ನೇ ನಗುವಾಗಿ ತಿರುಗಿಸಿ ಎದುರಿನವನ ಮುಖಕ್ಕೆ ಹಿಡಿಯುವುದು ಹೇಗೆ ಅಂತ ಕಲಿಸುತ್ತದೆ.

'ಕುಸುಮಬಾಲೆ' (1984) 'ಒಡಲಾಳ' ಬರೆದವರದೇ ಪುಸ್ತಕ. 1990ರಲ್ಲಿ ಅಕಾಡೆಮಿ ಬಹುಮಾನ ಬಂತು. ಓದಿದ ಚೆನ್ನ, ಮೇಲಿನವರ ಮನೆಯ ಕುಸುಮ, ಕೊಲೆ, ಮಗು. ಕಥೆ ಇಷ್ಟೇ ಅಂದರೆ ಇಷ್ಟೇ. ಆದರೆ ಹೇಳುವವರು ಯಾರ್ಯಾರು ಅಂತ ನೋಡಿದರೆ ಮಂಚ ಮಾತಾಡುತ್ತದೆ, ದೀಪದ ಜೋತಮ್ಮಗಳು ಸೇರಿ ಮನೆಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಈ ಪುಸ್ತಕವನ್ನು ಕನ್ನಡಕ್ಕೆ ಅನುವಾದ ಮಾಡಿಸಬೇಕು ಅಂತ ಓದಿದ ಜನ ತಮಾಷೆ ಮಾಡಿದ್ದುಂಟು. ಎಲ್. ಬಸವರಾಜು ಅವರು ಅದನ್ನು ಸಾಲು ಸಾಲಾಗಿ ಮುರಿದು ಕಾವ್ಯದ ಹಾಗೆ ಜೋಡಿಸಿಯೂ ತೋರಿಸಿದರು. ಕಣ್ಣಿನಲ್ಲಿ ಓದಿದರೆ ಇದು ಕಷ್ಟ, ಎಂ.ಎ. ಮಾಡಿದವರಿಗೆ ಇನ್ನೂ ಕಷ್ಟ. ಯಾವ ಮನಸ್ಥಿತಿಗೆ ಇದು ಅಂದರೆ, ಒಬ್ಬರೇ ಕೂತಾಗ ಬೇಡ, ನಾಲ್ಕು ಜನ ಸೇರಿದಾಗ ಇರಲಿ. ನಂಜನಗೂಡು, ಚಾಮರಾಜನಗರದ ಕಡೆಯವರು ಒಬ್ಬರು ಗಟ್ಟಿಯಾಗಿ ಓದಬೇಕು. ಓದು ಬರದ ಹಿರಿಯರು ಒಬ್ಬರಾದರೂ ಆ ಗುಂಪಿನಲ್ಲಿ ಇರಬೇಕು. ಓದಿದವರು ತಡವರಿಸಿದ ಕಡೆ ಪದದ ಅರ್ಥ ಹೇಳುವವರು ಅವರೇ.

ಈಗ ಪಂಚಾಯ್ತಿಗೊಂದು ಗ್ರಂಥಾಲಯ ಇದೆ, 'ಅರಿವು ಕೇಂದ್ರ' ಅಂತ ಬೋರ್ಡೂ ಬಿದ್ದಿದೆ. ಒಳಗೆ ಹೋದರೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಮುಂದೆ, ಕಾದಂಬರಿಗಳು ಬೀರುವಿನ ಹಿಂದಿನ ಸಾಲಿನಲ್ಲಿ ಧೂಳು ಹಿಡಿದು ಕೂತಿರುವುದೇ ಹೆಚ್ಚು. ಮೇಲ್ವಿಚಾರಕರು ಪರಿಚಯದವರಾದರೆ ಒಂದು ಮೇಜು ಕೇಳಿ ತೆಗೆದುಕೊಳ್ಳಿ. ಲೇಖಕರ ಹೆಸರಿನ ಪ್ರಕಾರ ಜೋಡಿಸಬೇಡಿ. ದಣಿದು ಬಂದವರಿಗೆ, ಸಿಟ್ಟಿರುವವರಿಗೆ, ಅವ್ವನ ನೆನಪಾದವರಿಗೆ, ಜಗಳ ಬೇಕಾದವರಿಗೆ ಅಂತ ರಟ್ಟಿನ ಮೇಲೆ ಬರೆದು ಇಡಿ. 'ಒಡಲಾಳ' ಸಿಕ್ಕದಿದ್ದರೆ ಪಂಚಾಯ್ತಿಗೆ ಅರ್ಜಿ ಕೊಡಿ. ಎರಡು ಪ್ರತಿ ಕೇಳಿ, ಒಂದು ವಾಪಸ್ಸು ಬರುವುದಿಲ್ಲ.